ಪಾರಂಪರಿಕ ಕಟ್ಟಡಗಳ ಉಗಿ ತಾಪನ ವ್ಯವಸ್ಥೆ: ತಪಾಸಣೆ ಮತ್ತು ನಿರ್ವಹಣೆ

ಉಗಿ ತಾಪನ ವ್ಯವಸ್ಥೆ ಎಂದರೆ ನೆಲಮಾಳಿಗೆಯ ಬಾಯ್ಲರಿನಲ್ಲಿ ನೀರು ಕುದಿಸಿ, ಎದ್ದ ಉಗಿಯನ್ನು ಕೊಳವೆಗಳಲ್ಲಿ ಕೋಣೆಕೋಣೆಗೂ ಹಾಯಿಸಿ, ಬೀಡು ಕಬ್ಬಿಣದ ರೇಡಿಯೇಟರುಗಳೊಳಗೆ ಅದು ಮತ್ತೆ ನೀರಾಗುವಾಗ ಬಿಟ್ಟುಕೊಡುವ ಶಾಖದಿಂದ ಕಟ್ಟಡವನ್ನು ಬೆಚ್ಚಗಿಡುವ ಏರ್ಪಾಡು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಎರಡನೆಯ ಮಹಾಯುದ್ಧದವರೆಗೆ ಅಮೆರಿಕದ ಈಶಾನ್ಯ ಮತ್ತು ಮಧ್ಯಪಶ್ಚಿಮ ರಾಜ್ಯಗಳಲ್ಲಿ ಎದ್ದ ಚರ್ಚು, ನ್ಯಾಯಾಲಯ, ಗ್ರಂಥಾಲಯ, ಶಾಲೆ, ವಸತಿಗೃಹಗಳಲ್ಲಿ ಇದು ಬಹಳ ಸಾಮಾನ್ಯವಾಗಿತ್ತು. ಅಂಥ ಎಷ್ಟೋ ಕಟ್ಟಡಗಳಲ್ಲಿ ಇಂದೂ ಅದೇ ಕೊಳವೆ, ಅದೇ ರೇಡಿಯೇಟರುಗಳು ಕೆಲಸ ಮಾಡುತ್ತಿವೆ. ಕರ್ನಾಟಕದಲ್ಲಿ ಬಾಯ್ಲರ್ ಎಂದರೆ ಸಕ್ಕರೆ ಕಾರ್ಖಾನೆಯದು, ಅಕ್ಕಿ ಗಿರಣಿಯದು ಅಥವಾ ರೇಷ್ಮೆ ನೂಲು ತೆಗೆಯುವ ಘಟಕದ್ದು. ಮನೆ ಬೆಚ್ಚಗಿಡಲು ಇಲ್ಲಿ ಅದರ ಅಗತ್ಯ ಬಿದ್ದಿಲ್ಲ. ನ್ಯೂಯಾರ್ಕ್, ಬಾಸ್ಟನ್‌ಗಳ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆಗಿರುವ ಕನ್ನಡಿಗರಿಗೆ ಮಾತ್ರ ಚಳಿಗಾಲದ ಬೆಳಗಿನ ಜಾವ ರೇಡಿಯೇಟರು ಸುಯ್ಯೆನ್ನುವುದೂ ಕೊಳವೆ ಟಣಟಣ ಬಡಿದುಕೊಳ್ಳುವುದೂ ಚೆನ್ನಾಗಿ ಗೊತ್ತು.

ಆ ಬಡಿತ ಮುಪ್ಪಿನ ಲಕ್ಷಣವೆಂದು ಬಹುಮಂದಿ ನಂಬಿದ್ದಾರೆ. ಹಾಗಲ್ಲ. ಸರಿಯಾಗಿ ಜೋಡಿಸಿದ ಉಗಿ ವ್ಯವಸ್ಥೆ ಹೆಚ್ಚುಕಡಿಮೆ ಸದ್ದಿಲ್ಲದೆ ನಡೆಯುತ್ತದೆ. ಈಗ ಕಾಣುವ ತೊಂದರೆಗಳಲ್ಲಿ ಬಹುಪಾಲು ಮೂಲ ವಿನ್ಯಾಸದವಲ್ಲ, ಅದನ್ನು ಅರಿಯದೆ ಆಮೇಲೆ ಮಾಡಿದ ಬದಲಾವಣೆಗಳವು. ಹಾಗಾಗಿ ಇಲ್ಲಿ ಸ್ಪ್ಯಾನರ್ ಹಿಡಿಯುವ ಮೊದಲು ವ್ಯವಸ್ಥೆಯನ್ನು ಓದಿ ಅರ್ಥಮಾಡಿಕೊಳ್ಳುವುದೇ ಅರ್ಧ ಕೆಲಸ.

ಇತಿಹಾಸ

ಜೋಸೆಫ್ ನೇಸನ್ ಮತ್ತು ಜೇಮ್ಸ್ ವಾಲ್‌ವರ್ತ್ 1840ರ ದಶಕದಲ್ಲಿ ಸಣ್ಣ ಕಬ್ಬಿಣದ ಕೊಳವೆಗಳಿಂದ ಕಟ್ಟಡ ಕಾಯಿಸುವ ವಿಧಾನವನ್ನು ಅಮೆರಿಕದಲ್ಲಿ ಬಳಕೆಗೆ ತಂದರು. 1850ರ ದಶಕದಲ್ಲಿ ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನದ ವಿಸ್ತರಣೆಯ ತಾಪನ ಕೆಲಸದಲ್ಲಿ ನೇಸನ್ ಕೈಯಿತ್ತು. ಸ್ಟೀಫನ್ ಗೋಲ್ಡ್ 1854ರಲ್ಲಿ ಉಗಿಯಿಂದ ಮನೆ ಕಾಯಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. 1870ರ ದಶಕದಲ್ಲಿ ನೆಲ್ಸನ್ ಬಂಡಿಯ ಬೀಡು ಕಬ್ಬಿಣದ ರೇಡಿಯೇಟರ್ ಮಾರುಕಟ್ಟೆಗೆ ಬಂದ ಮೇಲೆ ಈ ಉಪಕರಣ ಕಾರ್ಖಾನೆಯಲ್ಲಿ ರಾಶಿರಾಶಿಯಾಗಿ ತಯಾರಾಗತೊಡಗಿತು. 1892ರಲ್ಲಿ ಹಲವು ತಯಾರಕರು ಒಂದಾಗಿ ಅಮೆರಿಕನ್ ರೇಡಿಯೇಟರ್ ಕಂಪನಿ ಹುಟ್ಟಿತು. ರೇಮಂಡ್ ಹುಡ್ ವಿನ್ಯಾಸದ, ಕಪ್ಪು ಇಟ್ಟಿಗೆಗೆ ಹೊನ್ನಿನ ಬಣ್ಣದ ಅಲಂಕಾರವಿರುವ ಅದರ 1924ರ ಕಟ್ಟಡ ನ್ಯೂಯಾರ್ಕಿನಲ್ಲಿ ಇಂದಿಗೂ ನಿಂತಿದೆ. ಮನೆ ಕಾಯಿಸುವ ಕಬ್ಬಿಣ ಮಾರಿದ ಉದ್ಯಮ ಎಷ್ಟು ದೊಡ್ಡದಾಗಿ ಬೆಳೆದಿತ್ತೆಂಬುದಕ್ಕೆ ಅದಕ್ಕಿಂತ ಬೇರೆ ಪುರಾವೆ ಬೇಡ.

ಒಂದೊಂದು ಕಟ್ಟಡಕ್ಕೂ ಬೇರೆ ಬಾಯ್ಲರ್ ಬೇಡ, ಇಡೀ ಊರಿಗೊಂದು ಸಾಕು ಎಂಬ ಯೋಚನೆಯನ್ನು ಬರ್ಡ್‌ಸಿಲ್ ಹಾಲಿ 1877ರಲ್ಲಿ ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟಿನಲ್ಲಿ ಮಾಡಿ ತೋರಿಸಿದ. 1882ರಲ್ಲಿ ಮ್ಯಾನ್‌ಹಟನ್ನಿನ ಬೀದಿಗಳ ಅಡಿಯಲ್ಲಿ ಉಗಿ ಹರಿಯತೊಡಗಿತು. ಆ ಜಾಲವನ್ನು ಇಂದು ಕಾನ್ ಎಡಿಸನ್ ಕಂಪನಿ ನಡೆಸುತ್ತಿದೆ. ಕ್ಯಾಪಿಟಲ್ ಭವನ ಮತ್ತು ಅದರ ನೆರೆಯ ಕಟ್ಟಡಗಳಿಗೆ ಉಗಿ ಒದಗಿಸುವ ಸ್ಥಾವರ 1910ರಲ್ಲಿ ಶುರುವಾಯಿತು. ಅಲ್ಲಿ ವಿದ್ಯುತ್ ಉತ್ಪಾದನೆ 1952ರಲ್ಲಿ ನಿಂತರೂ ಉಗಿ ನಿಲ್ಲಲಿಲ್ಲ.

ಬಿಸಿನೀರಿನ ಬದಲು ಉಗಿಯನ್ನೇ ಆರಿಸಿಕೊಳ್ಳಲು ಬಲವಾದ ಕಾರಣವಿತ್ತು. ವಿದ್ಯುತ್ ಪಂಪುಗಳಿಲ್ಲದ ಕಾಲದಲ್ಲಿ ಉಗಿ ತಾನಾಗಿಯೇ ಮೇಲೇರುತ್ತಿತ್ತು, ತಣಿದ ನೀರು ತಾನಾಗಿಯೇ ಕೆಳಗಿಳಿಯುತ್ತಿತ್ತು. ಕಟ್ಟಡ ಎತ್ತರವಾದಷ್ಟೂ ಇದರ ಅನುಕೂಲ ಹೆಚ್ಚು. 381 ಮೀಟರ್ ಎತ್ತರದ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಿಂದ ಬುಡದವರೆಗೆ ಒಂದೇ ಕೊಳವೆಯಲ್ಲಿ ನೀರು ತುಂಬಿದರೆ ಬುಡದಲ್ಲಿ ವಾಯುಮಂಡಲದ ಒತ್ತಡದ ಸುಮಾರು 37 ಪಟ್ಟು ಭಾರ ಬೀಳುತ್ತದೆ. ಉಗಿಗೆ ಆ ತೂಕವಿಲ್ಲ.

ಆರಂಭದ ದಶಕಗಳಲ್ಲಿ ಜನ ಬಾಯ್ಲರಿಗೆ ಹೆದರುತ್ತಿದ್ದರು, ಆ ಹೆದರಿಕೆಗೆ ಕಾರಣವೂ ಇತ್ತು. 1865ರ ಏಪ್ರಿಲಿನಲ್ಲಿ ಮಿಸಿಸಿಪ್ಪಿ ನದಿಯಲ್ಲಿ ಸುಲ್ತಾನಾ ಎಂಬ ಉಗಿಹಡಗಿನ ಬಾಯ್ಲರುಗಳು ಸಿಡಿದು 1,100ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಕನೆಕ್ಟಿಕಟ್ಟಿನ ಹಾರ್ಟ್‌ಫರ್ಡಿನಲ್ಲಿ ಬಾಯ್ಲರ್ ತಪಾಸಣೆಯನ್ನೇ ವಿಮೆಯ ಷರತ್ತಾಗಿಸಿದ ಕಂಪನಿಯೊಂದು ಆರಂಭವಾಯಿತು. 1905ರ ಮಾರ್ಚ್ 20ರಂದು ಮ್ಯಾಸಚೂಸೆಟ್ಸಿನ ಬ್ರಾಕ್ಟನ್ನಿನಲ್ಲಿ ಗ್ರೋವರ್ ಷೂ ಕಾರ್ಖಾನೆಯ ಹಳೆಯ ಬಾಯ್ಲರ್ ಸಿಡಿದು 58 ಮಂದಿ ತೀರಿಕೊಂಡರು. ಆ ರಾಜ್ಯ 1907ರಲ್ಲಿ ಬಾಯ್ಲರ್ ಕಾನೂನು ಮಾಡಿತು. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ 1915ರಲ್ಲಿ ಹೊರತಂದ ಬಾಯ್ಲರ್ ಸಂಹಿತೆ ಕ್ರಮೇಣ ದೇಶಕ್ಕೆಲ್ಲ ಮಾದರಿಯಾಯಿತು. ಕಟ್ಟಡ ಕಾಯಿಸುವ ಉಗಿ ಬಾಯ್ಲರಿನ ಒತ್ತಡ 15 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮೀರಬಾರದೆಂಬ ಮಿತಿ ಆ ಸಂಹಿತೆಯದು. ವಾಸ್ತವದಲ್ಲಿ ಅದರ ಹತ್ತನೆಯ ಒಂದು ಪಾಲಿನಲ್ಲೇ ಕೆಲಸ ಸಾಗುತ್ತದೆ.

ಕೆಲಸ ಮಾಡುವ ಬಗೆ

ಒಂದು ಕಿಲೋ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಗಿಯಾಗಲು ಸುಮಾರು 2,257 ಕಿಲೋಜೌಲ್ ಶಾಖ ಹೀರಿಕೊಳ್ಳುತ್ತದೆ. ರೇಡಿಯೇಟರಿನ ತಣ್ಣನೆಯ ಕಬ್ಬಿಣ ತಾಗಿದೊಡನೆ ಅದು ಮತ್ತೆ ನೀರಾಗಿ ಅಷ್ಟೂ ಶಾಖವನ್ನು ಬಿಟ್ಟುಕೊಡುತ್ತದೆ. ಈ ಗುಪ್ತೋಷ್ಣವೇ ವ್ಯವಸ್ಥೆಯ ಬಂಡವಾಳ. ನೀರು ಉಗಿಯಾಗುವಾಗ ಅದರ ಗಾತ್ರ 1,600 ಪಟ್ಟು ಹಿಗ್ಗುತ್ತದೆ, ತಣಿದಾಗ ಅಷ್ಟೇ ಕುಗ್ಗುತ್ತದೆ. ಕುಗ್ಗಿದ ಕಡೆ ಒತ್ತಡ ಇಳಿದು ಮತ್ತಷ್ಟು ಉಗಿ ಅತ್ತ ನುಗ್ಗುತ್ತದೆ. ಅದನ್ನು ಹಿಂದಿನಿಂದ ತಳ್ಳುವವರು ಯಾರೂ ಬೇಕಿಲ್ಲ.

ಅಡ್ಡಿಯಾಗುವುದು ಗಾಳಿ ಮಾತ್ರ. ಬಾಯ್ಲರ್ ಆರಿದಾಗ ಕೊಳವೆ, ರೇಡಿಯೇಟರುಗಳ ತುಂಬ ಗಾಳಿ ಸೇರಿಕೊಂಡಿರುತ್ತದೆ. ಗಾಳಿ ಹೊರಹೋಗದೆ ಉಗಿ ಒಳಬರಲಾರದು. ಅದಕ್ಕೇ ಮುಖ್ಯ ಕೊಳವೆಗಳ ತುದಿಯಲ್ಲೂ ರೇಡಿಯೇಟರುಗಳ ಪಕ್ಕದಲ್ಲೂ ಗಾಳಿ ಬಿಡುವ ವೆಂಟುಗಳಿರುತ್ತವೆ. ತಣ್ಣಗಿರುವಾಗ ತೆರೆದಿದ್ದು, ಉಗಿ ತಾಗಿದೊಡನೆ ತಾವೇ ಮುಚ್ಚಿಕೊಳ್ಳುವ ಪುಟ್ಟ ಉಪಕರಣಗಳಿವು.

ಈ ಮೂಲತತ್ವ ತಿಳಿಯದವರು ಮಾಡುವ ಮೊದಲ ತಪ್ಪೆಂದರೆ ಕೋಣೆ ಬೆಚ್ಚಗಾಗಲಿಲ್ಲವೆಂದು ಒತ್ತಡ ಏರಿಸುವುದು. ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹಾಕುವುದು ಸುಮಾರು 15 ಪಿಎಸ್‌ಐ ಒತ್ತಡದಲ್ಲಿ. ಹತ್ತಾರು ಕೋಣೆಗಳ ಕಟ್ಟಡಕ್ಕೆ ಬೇಕಾದದ್ದು ಒಂದೂವರೆ, ಹೆಚ್ಚೆಂದರೆ 2 ಪಿಎಸ್‌ಐ. ಒತ್ತಡವನ್ನು 2ರಿಂದ 10ಕ್ಕೆ ಏರಿಸಿದರೂ ಉಗಿಯ ಉಷ್ಣತೆ 104 ಡಿಗ್ರಿಯಿಂದ 115ಕ್ಕೆ ಹೋಗುತ್ತದೆ, ಅಷ್ಟೆ. ಬದಲಿಗೆ ಇಂಧನ ಹೆಚ್ಚು ಉರಿಯುತ್ತದೆ, ವೆಂಟುಗಳು ಕೆಡುತ್ತವೆ, ನೀರು ಬಾಯ್ಲರಿಗೆ ಮರಳುವುದು ಕಷ್ಟವಾಗುತ್ತದೆ.

ಒಂದು ಕೊಳವೆಯ ಪದ್ಧತಿಯಲ್ಲಿ ಉಗಿ ಹೋಗುವುದೂ ನೀರು ಬರುವುದೂ ಒಂದೇ ಕೊಳವೆಯಲ್ಲಿ, ಎದುರುಬದುರಾಗಿ. ರೇಡಿಯೇಟರಿನ ವಾಲ್ವನ್ನು ಪೂರ್ತಿ ತೆರೆದಿಡಬೇಕು, ಇಲ್ಲವೇ ಪೂರ್ತಿ ಮುಚ್ಚಬೇಕು. ಅರ್ಧ ತೆರೆದರೆ ನುಗ್ಗಿ ಬರುವ ಉಗಿ ಇಳಿಯುವ ನೀರನ್ನು ತಡೆದು ರೇಡಿಯೇಟರಿನೊಳಗೇ ನಿಲ್ಲಿಸುತ್ತದೆ. ಎರಡು ಕೊಳವೆಯ ಪದ್ಧತಿಯಲ್ಲಿ ಉಗಿಗೊಂದು ದಾರಿ, ನೀರಿಗೆ ಮತ್ತೊಂದು. ಇಲ್ಲಿ ರೇಡಿಯೇಟರಿನ ಹೊರದಾರಿಯಲ್ಲಿ ಸ್ಟೀಮ್ ಟ್ರ್ಯಾಪ್ ಇರುತ್ತದೆ. ಅದು ಗಾಳಿ, ನೀರುಗಳನ್ನು ಬಿಟ್ಟು ಉಗಿಯನ್ನು ಮಾತ್ರ ತಡೆಹಿಡಿಯಬೇಕು. ಒಳಗಿನ ಪುಟ್ಟ ಲೋಹದ ತಿದಿಯಲ್ಲಿ ನೀರಿಗಿಂತ ಬೇಗ ಆವಿಯಾಗುವ ದ್ರವವಿದ್ದು, ಉಗಿಯ ಬಿಸಿಗೆ ಅದು ಹಿಗ್ಗಿ ದಾರಿ ಮುಚ್ಚುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಡನ್‌ಹ್ಯಾಮ್, ವೆಬ್‌ಸ್ಟರ್, ಟ್ರೇನ್, ಹಾಫ್‌ಮನ್ ಮೊದಲಾದ ತಯಾರಕರು ತಮ್ಮದೇ ಟ್ರ್ಯಾಪು, ವೆಂಟು, ವಾಲ್ವುಗಳಿಂದ ಬಗೆಬಗೆಯ ವೇಪರ್ ಪದ್ಧತಿಗಳನ್ನು, ಅಂದರೆ ಬಹಳ ಕಡಿಮೆ ಒತ್ತಡದ ಉಗಿ ಪದ್ಧತಿಗಳನ್ನು ಮಾರಿದರು. ಒಂದು ಕಟ್ಟಡದಲ್ಲಿ ಸರಿಯಿದ್ದದ್ದು ಪಕ್ಕದ ಕಟ್ಟಡದಲ್ಲಿ ತಪ್ಪಾಗಬಹುದು.

ಬಾಯ್ಲರಿನ ಪಕ್ಕದಲ್ಲೇ ಇರುವ ಕೊಳವೆಗಳ ಜೋಡಣೆಯೂ ಯಂತ್ರದ ಭಾಗವೇ. ಮರಳುವ ನೀರಿನ ಕೊಳವೆಯನ್ನು ಬಾಯ್ಲರಿನ ತಳಕ್ಕೆ ನೇರ ಜೋಡಿಸಿದ್ದ ಕಾಲದಲ್ಲಿ, ಆ ಕೊಳವೆ ಎಲ್ಲೋ ತೂತಾದರೆ ಬಾಯ್ಲರಿನ ನೀರೆಲ್ಲ ಸೋರಿ, ಬೆಂಕಿ ಮಾತ್ರ ಉರಿಯುತ್ತಿತ್ತು. ಮೇಲೆ ಹೇಳಿದ ಹಾರ್ಟ್‌ಫರ್ಡಿನ ವಿಮಾ ಕಂಪನಿ 1919ರಲ್ಲಿ ಬಳಕೆಗೆ ತಂದ ಜೋಡಣೆ ಹಾರ್ಟ್‌ಫರ್ಡ್ ಲೂಪ್ ಎಂದೇ ಹೆಸರಾಯಿತು. ಅದರಲ್ಲಿ ಮರಳುವ ಕೊಳವೆ ಮೇಲಕ್ಕೆದ್ದು, ಬಾಯ್ಲರಿನ ನೀರಿನ ಮಟ್ಟಕ್ಕಿಂತ ತುಸುವೇ ಕೆಳಗೆ, ಉಗಿಯ ಒತ್ತಡ ಸಮವಾಗಿರುವ ಇನ್ನೊಂದು ಕೊಳವೆಗೆ ಸೇರುತ್ತದೆ. ಸೋರಿಕೆಯಾದರೂ ನೀರು ಆ ಸೇರುವೆಯ ಮಟ್ಟಕ್ಕಿಂತ ಕೆಳಗೆ ಹಿಂದಕ್ಕೆ ಹರಿದುಹೋಗಲಾರದು. ಚಲಿಸುವ ಭಾಗ ಒಂದೂ ಇಲ್ಲ. ಕೊಳವೆಯ ಆಕಾರದಿಂದಲೇ ಜೀವ ಉಳಿಸಿದ ಇಂಥ ಉಪಾಯಗಳು ತಂತ್ರಜ್ಞಾನದ ಚರಿತ್ರೆಯಲ್ಲಿ ವಿರಳ.

ಕೆಟ್ಟದ್ದು ಹೇಗೆ

ಕಲ್ಲಿದ್ದಲ ಬೆಂಕಿ ಇಡೀ ದಿನ ಒಂದೇ ಸಮ ಉರಿಯುತ್ತಿತ್ತು. ಉಗಿ ನಿಧಾನವಾಗಿ, ಆದರೆ ಬಿಡದೆ ಏರುತ್ತ ಕೊನೆಯ ರೇಡಿಯೇಟರನ್ನೂ ಮುಟ್ಟುತ್ತಿತ್ತು. ಆಮೇಲೆ ಅದೇ ಬಾಯ್ಲರುಗಳಿಗೆ ಎಣ್ಣೆಯ, ಅನಿಲದ ಬರ್ನರುಗಳು ಬಂದವು. ಇವು ಥರ್ಮೋಸ್ಟಾಟಿನ ಅಪ್ಪಣೆಯಂತೆ ಹೊತ್ತಿ ಆರುತ್ತವೆ. ಥರ್ಮೋಸ್ಟಾಟ್ ಇರುವ ಹತ್ತಿರದ ಕೋಣೆ ಬಿಸಿಯಾಗಿ ಬರ್ನರ್ ಆರುವ ಹೊತ್ತಿಗೆ ದೂರದ ಕೋಣೆಯ ಕೊಳವೆಯಲ್ಲಿ ಇನ್ನೂ ಗಾಳಿಯೇ ತುಂಬಿರುತ್ತದೆ. ಒಬ್ಬರು ಚಳಿಯಲ್ಲಿ ನಡುಗುವಾಗ ಇನ್ನೊಬ್ಬರು ಕಿಟಕಿ ತೆರೆಯುವ ಪರಿಸ್ಥಿತಿಗೆ ಮುಖ್ಯ ಕಾರಣ ಇದು. ಇದಕ್ಕೆ ಪರಿಹಾರ ಮುಖ್ಯ ಕೊಳವೆಗಳ ತುದಿಯಲ್ಲಿ ದೊಡ್ಡ ವೆಂಟುಗಳನ್ನಿಟ್ಟು ಗಾಳಿಯನ್ನು ಬೇಗ ಹೊರಹಾಕುವುದು.

ಕಿಟಕಿ ತೆರೆಯುವ ಮಾತಿಗೆ ಇನ್ನೊಂದು ಹಿನ್ನೆಲೆಯೂ ಇದೆ. ಹೊರಗಾಳಿ ಆರೋಗ್ಯಕ್ಕೆ ಬೇಕೇ ಬೇಕೆಂಬ ಚಳವಳಿ ಹತ್ತೊಂಬತ್ತನೆಯ ಶತಮಾನದಲ್ಲೇ ಬಲವಾಗಿತ್ತು. 1918ರ ಇನ್‌ಫ್ಲುಯೆಂಜಾ ಅದನ್ನು ಇನ್ನಷ್ಟು ಬಲಪಡಿಸಿತು. ಕೊರೆಯುವ ಚಳಿಯಲ್ಲಿ ಕಿಟಕಿ ತೆರೆದಿದ್ದರೂ ಕೋಣೆ ಬೆಚ್ಚಗಿರಬೇಕೆಂದು ಆ ಕಾಲದ ಎಂಜಿನಿಯರುಗಳು ರೇಡಿಯೇಟರುಗಳನ್ನು ಬೇಕೆಂದೇ ದೊಡ್ಡದಾಗಿ ಇಟ್ಟರು. ಇಂದು ಅತಿಯಾಗಿ ಕಾಣುವ ಆ ಗಾತ್ರ ಲೆಕ್ಕ ತಪ್ಪಿ ಬಂದದ್ದಲ್ಲ.

ಎರಡನೆಯ ಮಹಾಯುದ್ಧದ ನಂತರ ಹೊಸ ಕಟ್ಟಡಗಳು ಬಿಸಿನೀರು, ಬಿಸಿಗಾಳಿಗಳತ್ತ ತಿರುಗಿದವು. ಉಗಿ ಬಲ್ಲ ಮೇಸ್ತ್ರಿಗಳು ನಿವೃತ್ತರಾದರು, ಅವರ ತಿಳಿವಳಿಕೆ ಅವರೊಂದಿಗೇ ಹೋಯಿತು. ಹಳೆಯ ಕೈಪಿಡಿ, ಕ್ಯಾಟಲಾಗುಗಳನ್ನು ಹುಡುಕಿ ಓದಿ ಡ್ಯಾನ್ ಹೊಲೊಹನ್ 1992ರಲ್ಲಿ ಪ್ರಕಟಿಸಿದ 'ದಿ ಲಾಸ್ಟ್ ಆರ್ಟ್ ಆಫ್ ಸ್ಟೀಮ್ ಹೀಟಿಂಗ್' ಪುಸ್ತಕ ಆ ವಿದ್ಯೆಯನ್ನು ಹೊಸ ತಲೆಮಾರಿನ ಕೆಲಸಗಾರರ ಕೈಗೆ ದಾಟಿಸಿತು. ಈ ಕ್ಷೇತ್ರ ಆತನಿಗೆ ಋಣಿಯಾಗಿರಬೇಕು.

ತಪಾಸಣೆ

ತಪಾಸಣೆ ಶುರುವಾಗಬೇಕಾದ್ದು ಬಾಯ್ಲರಿನಿಂದಲ್ಲ, ರೇಡಿಯೇಟರುಗಳಿಂದ. ಪ್ರತಿ ಕೋಣೆಗೂ ಹೋಗಿ ರೇಡಿಯೇಟರಿನ ಎತ್ತರ ಅಳೆದು, ಕಂಬಸಾಲು (ಕಾಲಮ್) ಎಷ್ಟು, ಬಿಲ್ಲೆಗಳು (ಸೆಕ್ಷನ್) ಎಷ್ಟು ಎಂದು ಎಣಿಸಿ ಬರೆದುಕೊಳ್ಳಬೇಕು. ಉದಾಹರಣೆಗೆ 38 ಇಂಚು ಎತ್ತರದ, ಮೂರು ಕಂಬಸಾಲಿನ ರೇಡಿಯೇಟರಿನ ಒಂದೊಂದು ಬಿಲ್ಲೆಗೆ ಹಳೆಯ ಕೋಷ್ಟಕಗಳು 5 ಚದರ ಅಡಿ ಶಾಖಪ್ರಸಾರ ಕೊಡುತ್ತವೆ. ಒಂದು ಚದರ ಅಡಿಗೆ ಗಂಟೆಗೆ 240 ಬಿಟಿಯು, ಅಂದರೆ ಸುಮಾರು 70 ವ್ಯಾಟ್. ಹತ್ತು ಬಿಲ್ಲೆಯ ರೇಡಿಯೇಟರ್ 50 ಚದರ ಅಡಿ, ಅಂದರೆ ಮೂರೂವರೆ ಕಿಲೋವ್ಯಾಟ್. ಹೀಗೆ ಇಡೀ ಕಟ್ಟಡದ್ದನ್ನು ಕೂಡಿಸಿ, ಕೊಳವೆಗಳನ್ನು ಕಾಯಿಸಲು ಮೂರನೆಯ ಒಂದು ಪಾಲು ಸೇರಿಸಿದರೆ ಬೇಕಾದ ಬಾಯ್ಲರಿನ ಗಾತ್ರ ಸಿಗುತ್ತದೆ. ಬಿಸಿನೀರಿನ ಬಾಯ್ಲರನ್ನು ಕಟ್ಟಡದ ಶಾಖನಷ್ಟ ನೋಡಿ ಆರಿಸಬಹುದು. ಉಗಿ ಬಾಯ್ಲರಿಗೆ ಆ ಲೆಕ್ಕ ನಡೆಯದು. ಎಲ್ಲ ರೇಡಿಯೇಟರುಗಳನ್ನೂ ತುಂಬುವಷ್ಟು ಉಗಿ ಇಲ್ಲದಿದ್ದರೆ ಕೊನೆಯವು ತಣ್ಣಗೇ ಉಳಿಯುತ್ತವೆ. ಹಿಂದಿನ ಬಾಯ್ಲರಿನ ಮೇಲಿದ್ದ ಅಂಕಿಯನ್ನೇ ನಕಲು ಮಾಡಿ ಹೊಸದು ಕೂರಿಸುವ ರೂಢಿ ವ್ಯಾಪಕವಾಗಿದೆ, ಮತ್ತು ಅದು ತಪ್ಪು. ನಡುವಿನ ವರ್ಷಗಳಲ್ಲಿ ಎಷ್ಟು ರೇಡಿಯೇಟರುಗಳನ್ನು ಕಿತ್ತಿದ್ದಾರೋ ಆ ಅಂಕಿಗೆ ಗೊತ್ತಿರುವುದಿಲ್ಲ.

ಆಮೇಲೆ ನೆಲಮಾಳಿಗೆ. ಕೈಯಲ್ಲಿ ಟಾರ್ಚು, ರಸಮಟ್ಟ ಹಿಡಿದು ಮುಖ್ಯ ಕೊಳವೆಯ ಜೊತೆ ಬಾಯ್ಲರಿನಿಂದ ಅದರ ತುದಿಯವರೆಗೆ ನಡೆಯಬೇಕು. ಉಗಿ, ನೀರು ಒಂದೇ ದಿಕ್ಕಿಗೆ ಹರಿಯುವ ಕೊಳವೆಗೆ 20 ಅಡಿಗೆ ಒಂದು ಇಂಚಿನ ವಾಟ ಬೇಕು, ಎದುರುಬದುರಾಗಿ ಹರಿಯುವುದಕ್ಕೆ ಅದರ ಎರಡರಷ್ಟು. ನೂರು ವರ್ಷದಲ್ಲಿ ಕಟ್ಟಡ ಕುಳಿತಿರುತ್ತದೆ, ತೊಲೆ ಬಾಗಿರುತ್ತದೆ, ಕೊಳವೆ ತೂಗುಹಾಕಿದ ಕಬ್ಬಿಣದ ಪಟ್ಟಿ ಸಡಿಲಾಗಿರುತ್ತದೆ. ಯಾರೋ ಮೇಲಿನ ಕೊಳವೆಗೆ ಹಗ್ಗ ಕಟ್ಟಿ ಸಾಮಾನು ನೇತುಹಾಕಿರುವುದೂ ಉಂಟು. ಎಲ್ಲೋ ಒಂದು ಕಡೆ ಕೊಳವೆ ಬೆರಳಗಲ ಜೋತಿದ್ದರೆ ಸಾಕು, ಅಲ್ಲಿ ನೀರು ಮಡುಗಟ್ಟುತ್ತದೆ. ವೇಗವಾಗಿ ಬರುವ ಉಗಿ ಆ ನೀರನ್ನು ಅಲೆಯೆಬ್ಬಿಸಿ, ಮುಂದಿನ ತಿರುವಿಗೆ ಅಪ್ಪಳಿಸುತ್ತದೆ; ತಣ್ಣನೆಯ ನೀರಿನ ನಡುವೆ ಸಿಕ್ಕ ಉಗಿ ಥಟ್ಟನೆ ಕುಗ್ಗಿದಾಗ ಸುತ್ತಲ ನೀರು ಆ ಖಾಲಿ ಜಾಗಕ್ಕೆ ಸಿಡಿದು ಬಂದು ಬಡಿಯುತ್ತದೆ. ಕೇಳುವ ಟಣಟಣ ಇದೇ. ತಪಾಸಣೆ ಮಾಡುವವರು ಸದ್ದು ಬಂದ ಜಾಗವನ್ನೂ ಹೊತ್ತನ್ನೂ ಗುರುತಿಸಿಕೊಳ್ಳಬೇಕು. ಬಾಯ್ಲರ್ ಹೊತ್ತಿದ ಆರಂಭದಲ್ಲಿ ಬಂದರೆ ಜೋತ ಕೊಳವೆಯಲ್ಲಿ ನಿಂತ ನೀರಿನತ್ತ ಅನುಮಾನ ಹೋಗಬೇಕು. ಬಹಳ ಹೊತ್ತು ಉರಿದ ಮೇಲೆ ಬಂದರೆ ಒತ್ತಡ ಹೆಚ್ಚಾಗಿ ನೀರು ಹಿಂದಕ್ಕೆ ಏರಿದೆಯೇ ಎಂದು ನೋಡಬೇಕು. ಎರಡು ಕೊಳವೆಯ ಪದ್ಧತಿಯಲ್ಲಿ ಬಾಯ್ಲರಿನ ಪ್ರತಿ ಒಂದು ಪಿಎಸ್‌ಐ ಒತ್ತಡಕ್ಕೆ ಮರಳುವ ಕೊಳವೆಯಲ್ಲಿ ನೀರು ಸುಮಾರು 28 ಇಂಚು ಮೇಲೇರಿ ನಿಲ್ಲುತ್ತದೆ. ತಗ್ಗು ಚಾವಣಿಯ ನೆಲಮಾಳಿಗೆಯಲ್ಲಿ 3 ಪಿಎಸ್‌ಐ ಸಾಕು, ಒಣಗಿರಬೇಕಾದ ಕೊಳವೆಗಳಿಗೆ ನೀರು ನುಗ್ಗುತ್ತದೆ.

ವಾಟರ್ ಹ್ಯಾಮರ್ ಎನ್ನುವ ಈ ಬಡಿತ ಬರೀ ಕಿರಿಕಿರಿಯಲ್ಲ. 2007ರ ಜುಲೈ 18ರಂದು ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಬಳಿ 1924ರಲ್ಲಿ ಹಾಕಿದ್ದ ಬೀದಿಯ ಉಗಿಕೊಳವೆ ಸಿಡಿಯಿತು. ಒಬ್ಬರು ಸತ್ತು ಹತ್ತಾರು ಮಂದಿ ಗಾಯಗೊಂಡರು. ಸೋರಿಕೆ ಮುಚ್ಚಲು ಬಳಸಿದ ಅಂಟು ಟ್ರ್ಯಾಪುಗಳೊಳಗೆ ಸೇರಿ ಗಟ್ಟಿಯಾಗಿದ್ದರಿಂದ ನೀರು ಹೊರಹೋಗದೆ ಶೇಖರವಾಗಿತ್ತು ಎಂದು ತನಿಖೆ ತೋರಿಸಿತು. ಬೀದಿಯ ಕೊಳವೆಯ ಒತ್ತಡ ಮನೆಯ ಬಾಯ್ಲರಿಗಿಂತ ಎಷ್ಟೋ ಪಟ್ಟು ಹೆಚ್ಚು, ನಿಜ. ಆದರೂ ಕಾರಣದ ಸ್ವರೂಪ ಒಂದೇ: ಉಗಿಯ ದಾರಿಯಲ್ಲಿ ನಿಂತ ನೀರು.

ಟ್ರ್ಯಾಪುಗಳನ್ನು ಒಂದೊಂದಾಗಿ ಪರೀಕ್ಷಿಸದೆ ಗತಿಯಿಲ್ಲ. ವ್ಯವಸ್ಥೆ ಪೂರ್ತಿ ಬಿಸಿಯಾದ ಮೇಲೆ ಟ್ರ್ಯಾಪಿನ ಎರಡೂ ಬದಿಯ ಉಷ್ಣತೆ ಅಳೆಯಬೇಕು. ಎರಡೂ ಕಡೆ ಉಗಿಯಷ್ಟೇ ಬಿಸಿಯಿದ್ದರೆ ಅದು ತೆರೆದೇ ಕೆಟ್ಟಿದೆ. ಎರಡೂ ಕಡೆ ತಣ್ಣಗಿದ್ದು ರೇಡಿಯೇಟರೂ ತಣ್ಣಗಿದ್ದರೆ ಮುಚ್ಚಿ ಕೆಟ್ಟಿರಬಹುದು. ತೆರೆದು ಕೆಟ್ಟ ಒಂದು ಟ್ರ್ಯಾಪು ಮರಳುವ ಕೊಳವೆಗೆ ಉಗಿ ಬಿಟ್ಟು, ಪಕ್ಕದ ಒಳ್ಳೆಯ ರೇಡಿಯೇಟರುಗಳ ಗಾಳಿ ಹೊರಹೋಗದಂತೆ ತಡೆಯುತ್ತದೆ. ತಪ್ಪು ಒಂದು ಕಡೆ, ದೂರು ಇನ್ನೊಂದು ಕಡೆ. ತಣ್ಣಗಿರುವ ರೇಡಿಯೇಟರನ್ನಷ್ಟೇ ರಿಪೇರಿ ಮಾಡುವವರು ವರ್ಷಗಟ್ಟಲೆ ಸುತ್ತುವುದು ಇದೇ ಕಾರಣಕ್ಕೆ.

ಬಾಯ್ಲರಿನಲ್ಲಿ ಮೊದಲು ನೋಡಬೇಕಾದ್ದು ನೀರಿನ ಮಟ್ಟ ತೋರುವ ಗಾಜಿನ ಕೊಳವೆ. ಉರಿಯುವಾಗ ನೀರು ಅರ್ಧ ಇಂಚು ಆಡಿದರೆ ಸಹಜ. ಮೇಲೆ ಕೆಳಗೆ ಜಿಗಿದರೆ ನೀರಿನ ಮೇಲೆ ಎಣ್ಣೆಯ ಪದರವಿದೆ, ಅಥವಾ ಕೊಳೆ ತುಂಬಿದೆ, ಅಥವಾ ಬಾಯ್ಲರ್ ಪಕ್ಕದ ಕೊಳವೆಗಳನ್ನು ತಪ್ಪಾಗಿ ಜೋಡಿಸಿದ್ದಾರೆ. ನೀರಿನ ರೇಖೆಗಿಂತ ಮೇಲೆ ಗಾಜು ಒಣಗಿರಬೇಕು. ಅಲ್ಲಿ ನೀರಿಳಿದ ಗುರುತುಗಳಿದ್ದರೆ ಉಗಿಯೊಂದಿಗೆ ನೀರೂ ಮೇಲೇರುತ್ತಿದೆ ಎಂದರ್ಥ.

ಬಾಯ್ಲರಿಗೆ ಹೊಸದಾಗಿ ಸೇರುವ ನೀರಿನ ಪ್ರಮಾಣ ಅತಿ ಮುಖ್ಯ ಸುಳಿವು. ಒಳ್ಳೆಯ ಸ್ಥಿತಿಯ ವ್ಯವಸ್ಥೆಗೆ ಅಪರೂಪಕ್ಕೆ ಸ್ವಲ್ಪ ನೀರು ಸೇರಿಸಿದರೆ ಸಾಕು. ಹೊಸ ನೀರು ಹೊಸ ಆಮ್ಲಜನಕ ತರುತ್ತದೆ, ಅದು ಕಬ್ಬಿಣವನ್ನು ತಿನ್ನುತ್ತದೆ. ತಾನಾಗಿ ನೀರು ತುಂಬುವ ಫೀಡರುಗಳು ಅನುಕೂಲವೇನೋ ಹೌದು, ಆದರೆ ನೆಲದಡಿ ಹೂತ ಮರಳುಕೊಳವೆಯ ಸೋರಿಕೆಯನ್ನು ಅವು ತಿಂಗಳುಗಟ್ಟಲೆ ಮುಚ್ಚಿಡುತ್ತವೆ. ಅದಕ್ಕೆ ಫೀಡರಿನ ಹಿಂದೆ ಸಣ್ಣ ನೀರಿನ ಮೀಟರ್ ಹಾಕಿಸಬೇಕು. ಮೀಟರ್ ಓಡುತ್ತಿದ್ದು ಎಲ್ಲೂ ಒದ್ದೆ ಕಾಣದಿದ್ದರೆ ಚಿಮಣಿಯತ್ತ ನೋಡಬೇಕು. ಚಳಿಯ ದಿನ ದಟ್ಟ ಬಿಳಿ ಹಬೆ ಏಳುತ್ತಿದ್ದರೆ ಬಾಯ್ಲರಿನ ನೀರಿನ ರೇಖೆಗಿಂತ ಮೇಲೆ ಕಬ್ಬಿಣ ತೂತಾಗಿರುವ ಸಂಭವ ಹೆಚ್ಚು. ತಣ್ಣಗಾದ ಬಾಯ್ಲರನ್ನು ರೇಖೆ ಮೀರಿ ತುಂಬಿಸಿ ಕಾದು ನೋಡಿದರೆ ಸೋರಿಕೆ ತಾನೇ ಕಾಣಿಸಿಕೊಳ್ಳುತ್ತದೆ.

ಚಿಮಣಿ ಸ್ವತಃ ಪಾರಂಪರಿಕ ಭಾಗ. ಕಲ್ಲಿದ್ದಲ ಬಿಸಿ ಹೊಗೆಗೆಂದು ಕಟ್ಟಿದ ಅಗಲದ ಇಟ್ಟಿಗೆ ಚಿಮಣಿಯಲ್ಲಿ ಅನಿಲದ ತೆಳು ಹೊಗೆ ಬೇಗ ತಣಿದು, ಅದರ ಆಮ್ಲೀಯ ನೀರು ಗೋಡೆಯ ಸುಣ್ಣದ ಗಾರೆಯನ್ನು ಕರಗಿಸುತ್ತದೆ. ಒಳಗೆ ಲೋಹದ ಲೈನರ್ ಇಳಿಸಿದರೆ ಚಿಮಣಿ ಉಳಿಯುತ್ತದೆ. ನೆಲಮಾಳಿಗೆಯನ್ನು ಗಾಳಿಯಾಡದಂತೆ ಮುಚ್ಚಿದ ಕಡೆ ಬರ್ನರಿಗೆ ಗಾಳಿ ಸಾಲದೆ ಇಂಗಾಲದ ಮೊನಾಕ್ಸೈಡ್ ಸೇರುವ ಅಪಾಯವಿದೆ. ಅದರ ಸೂಚಕಗಳು ಕಡ್ಡಾಯವಾಗಿ ಇರಬೇಕು.

ಕೊಳವೆಗಳ ಬಿಳಿ ಹೊದಿಕೆ ಕಂಡರೆ ಮುಟ್ಟದೆ ನಿಲ್ಲಬೇಕು. 1970ರ ದಶಕದವರೆಗಿನ ಹೊದಿಕೆಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುವುದು ಸಾಮಾನ್ಯ. ಪರವಾನಗಿ ಇರುವವರೇ ಅದನ್ನು ತೆಗೆಯಬೇಕು. ತೆಗೆದ ಮೇಲೆ ಬೇರೆ ಹೊದಿಕೆ ಹಾಕದೆ ಬಿಡುವುದು ಎಷ್ಟೋ ಕಟ್ಟಡಗಳಲ್ಲಿ ಆಗಿರುವ ದೊಡ್ಡ ಅನ್ಯಾಯ. ಬರಿಮೈಯ ಕೊಳವೆಯಲ್ಲಿ ಉಗಿ ದಾರಿಯಲ್ಲೇ ನೀರಾಗುತ್ತದೆ. ನೆಲಮಾಳಿಗೆ ಬೇಯುತ್ತದೆ, ಮೇಲಿನ ಮಹಡಿ ತಣ್ಣಗಿರುತ್ತದೆ, ಬಡಿತ ಶುರುವಾಗುತ್ತದೆ.

ನಿರ್ವಹಣೆ

ನೀರು ಕಡಿಮೆಯಾದಾಗ ಬರ್ನರನ್ನು ಆರಿಸುವ ಕಟ್‌ಆಫ್ ಇಡೀ ವ್ಯವಸ್ಥೆಯ ಪ್ರಾಣರಕ್ಷಕ. ತೇಲುಗುಂಡಿನ ಮಾದರಿಯದ್ದಾದರೆ ಚಳಿಗಾಲದಲ್ಲಿ ವಾರಕ್ಕೊಮ್ಮೆ, ಬರ್ನರ್ ಉರಿಯುತ್ತಿರುವಾಗಲೇ, ಅದರ ಕೆಳಗಿನ ವಾಲ್ವ್ ತೆರೆದು ನೀರನ್ನು ಬಕೆಟ್ಟಿಗೆ ಬಿಡಬೇಕು. ಮೊದಲು ತುಕ್ಕಿನ ಕಂದು ನೀರು, ಆಮೇಲೆ ತಿಳಿನೀರು ಬರುತ್ತದೆ, ಅಷ್ಟರಲ್ಲಿ ಬರ್ನರ್ ಆರಲೇಬೇಕು. ಆರದಿದ್ದರೆ ಬಾಯ್ಲರ್ ನಿಲ್ಲಿಸಿ ಅಂದೇ ಸರಿಪಡಿಸಬೇಕು. ಗಾಜಿನಲ್ಲಿ ನೀರೇ ಕಾಣದಿದ್ದು ಬಾಯ್ಲರ್ ಕಾದಿದ್ದರೆ ಯಾವ ಕಾರಣಕ್ಕೂ ನೀರು ಸೇರಿಸಬಾರದು. ಬರ್ನರ್ ಆರಿಸಿ, ಪೂರ್ತಿ ತಣಿಯುವವರೆಗೆ ಕಾಯಬೇಕು. ಕಾದ ಬೀಡು ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಅದು ಬಿರಿಯುತ್ತದೆ, ಅದಕ್ಕಿಂತ ಕೆಟ್ಟದ್ದೂ ಆಗಬಹುದು.

ವರ್ಷಕ್ಕೊಮ್ಮೆ ಮಾಡುವ ಕೆಲಸಗಳಲ್ಲಿ ಬರ್ನರ್ ಶುದ್ಧಿ, ಸೇಫ್ಟಿ ವಾಲ್ವಿನ ಪರೀಕ್ಷೆ, ಒತ್ತಡ ನಿಯಂತ್ರಕದ ಕೆಳಗಿನ ಸುರುಳಿಕೊಳವೆ ಕಟ್ಟಿಲ್ಲವೇ ಎಂದು ನೋಡುವುದು ಸೇರಿವೆ. ಆ ಸುರುಳಿ ಕೊಳೆಯಿಂದ ಕಟ್ಟಿದರೆ ನಿಯಂತ್ರಕಕ್ಕೆ ಒತ್ತಡ ತಿಳಿಯುವುದೇ ಇಲ್ಲ. ಸಂಹಿತೆ ಕೇಳುವ 30 ಪಿಎಸ್‌ಐ ಮಾಪಕದಲ್ಲಿ ಒಂದೂವರೆ ಪಿಎಸ್‌ಐ ಓದಲಾಗದು. ಪಕ್ಕದಲ್ಲಿ 3 ಅಥವಾ 5 ಪಿಎಸ್‌ಐ ವರೆಗಿನ ಇನ್ನೊಂದು ಮಾಪಕ ಹಾಕಿದರೆ ಎಷ್ಟೋ ಗೊಂದಲ ಬಗೆಹರಿಯುತ್ತದೆ.

ಹೊಸ ಬಾಯ್ಲರ್ ಅಥವಾ ಹೊಸ ಕೊಳವೆ ಜೋಡಿಸಿದಾಗ ಅದರೊಡನೆ ಕತ್ತರಿಸುವ ಎಣ್ಣೆಯೂ ಬರುತ್ತದೆ. ಅದು ನೀರಿನ ಮೇಲೆ ತೇಲಿ ನೊರೆಯೆಬ್ಬಿಸುತ್ತದೆ. ತಳದಿಂದ ನೀರು ಬಸಿದರೆ ಎಣ್ಣೆ ಹೋಗದು, ಬಾಯ್ಲರಿನ ಗೋಡೆಗೆ ಬಳಿದುಕೊಳ್ಳುತ್ತದೆ. ನೀರಿನ ರೇಖೆಯ ಮೇಲಿರುವ ಕಿಂಡಿಯಿಂದ, ಬಹಳ ತೆಳುವಾದ ಧಾರೆಯಲ್ಲಿ, ಗಂಟೆಗಟ್ಟಲೆ ನಿಧಾನವಾಗಿ ಮೇಲ್ಪದರವನ್ನು ಹರಿಸಿ ತೆಗೆಯಬೇಕು. ಅವಸರದವರು ಬಿಟ್ಟುಬಿಡುವ ಕೆಲಸವಿದು, ಹೊಸ ಬಾಯ್ಲರ್ ಹಾಕಿದ ಮೇಲೂ ತೊಂದರೆ ಮುಂದುವರಿಯಲು ಇದೊಂದೇ ಎಷ್ಟೋ ಸಲ ಕಾರಣ.

ಒಂದು ಕೊಳವೆಯ ರೇಡಿಯೇಟರ್ ವಾಲ್ವಿನ ಕಡೆಗೆ ತುಸು ವಾಲಿರಬೇಕು. ಎದುರು ಕಾಲುಗಳ ಅಡಿಗೆ ತೆಳು ಚಕ್ಕೆ ಕೊಟ್ಟರೆ ಸಾಕು. ವೆಂಟುಗಳ ಬಾಯಿಗೆ ಬಣ್ಣ ಬಳಿದಿದ್ದರೆ ಅವು ಸತ್ತಂತೆಯೇ, ಬದಲಿಸಬೇಕು. ಇಡೀ ರೇಡಿಯೇಟರಿಗೆ ಅಲ್ಯೂಮಿನಿಯಂ, ಕಂಚಿನ ಪುಡಿಯ ಬಣ್ಣ ಬಳಿದರೆ ಶಾಖ ಶೇಕಡಾ 10ರಿಂದ 20ರವರೆಗೆ ಕಡಿಮೆಯಾಗುತ್ತದೆ. ಹಳೆಯದನ್ನು ಕೆರೆಯಬೇಕಿಲ್ಲ. ಕೊನೆಯ ಪದರವಷ್ಟೇ ಲೆಕ್ಕಕ್ಕೆ ಬರುವುದರಿಂದ ಅದರ ಮೇಲೆ ಸಾಧಾರಣ ಬಣ್ಣ ಬಳಿದರಾಯಿತು. ಕೆರೆಯುವುದರಲ್ಲಿ ಸೀಸದ ಅಪಾಯವೂ ಇದೆ.

ಪಾರಂಪರಿಕ ದೃಷ್ಟಿ

ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ 1991ರಲ್ಲಿ ಪ್ರಕಟಿಸಿದ, ಶ್ಯಾರನ್ ಪಾರ್ಕ್ ಬರೆದ 24ನೆಯ ಸಂರಕ್ಷಣಾ ಪತ್ರಿಕೆ ಹಳೆಯ ತಾಪನ ವ್ಯವಸ್ಥೆಯ ಉಳಿದ ಭಾಗಗಳನ್ನೂ ಕಟ್ಟಡದ ಚಾರಿತ್ರಿಕ ಅಂಶಗಳೆಂದೇ ಕಾಣುತ್ತದೆ. ಹೂಬಳ್ಳಿ ಎರಕದ ರೇಡಿಯೇಟರು, ಕಿಟಕಿಯಡಿಯ ಜಾಲರಿ, ಹಿತ್ತಾಳೆಯ ವಾಲ್ವು ಇವು ಕಿತ್ತರೆ ಮತ್ತೆ ಬರುವಂಥವಲ್ಲ. ಅವುಗಳ ಜಾಗಕ್ಕೆ ಬರುವ ಬಿಸಿಗಾಳಿಯ ಅಗಲ ನಾಳಗಳು ಗಾರೆಯ ಚಾವಣಿಯನ್ನು ಒಡೆದು, ಗೋಡೆ ಕೊರೆದು ದಾರಿ ಮಾಡಿಕೊಳ್ಳುತ್ತವೆ. ಉಗಿ ವ್ಯವಸ್ಥೆಯನ್ನು ಉಳಿಸಿಕೊಳ್ಳಲು ಇರುವ ಅತಿ ಬಲವಾದ ಕಾರಣ ಇದೇ. ಬಾಯ್ಲರ್ ಆರಿದಾಗ ಮೇಲಿನ ರೇಡಿಯೇಟರುಗಳಲ್ಲಿ ನೀರು ನಿಲ್ಲದಿರುವುದು ಇನ್ನೊಂದು ಲಾಭ. ಚಳಿಗಾಲದಲ್ಲಿ ಮುಚ್ಚಿಟ್ಟ ಕಟ್ಟಡದಲ್ಲಿ ಅವು ಹೆಪ್ಪುಗಟ್ಟಿ ಒಡೆಯುವ ಭಯ ಕಡಿಮೆ. ಉಗಿಯ ಹಾನಿಯನ್ನೂ ಮರೆಮಾಚಬಾರದು. ಕೆಟ್ಟ ವೆಂಟು ಉಗುಳುವ ಉಗಿ ಮರದ ಪ್ಯಾನೆಲಿನ ಮೆರುಗನ್ನು ಕೆಡಿಸಿ ಗೋಡೆಯ ಗಾರೆಯನ್ನು ಉಬ್ಬಿಸುತ್ತದೆ. ಅತಿಯಾಗಿ ಕಾದ ಕೋಣೆಯಲ್ಲಿ ತೇವಾಂಶ ಇಳಿದು ಹಳೆಯ ಮರದ ಸಾಮಾನು, ವರ್ಣಚಿತ್ರಗಳು ಬಿರಿಯುತ್ತವೆ.

1986ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಹೆಗ್ಗುರುತೆಂದು ಘೋಷಿತವಾದ ಎಂಪೈರ್ ಸ್ಟೇಟ್ ಕಟ್ಟಡ ಒಳ್ಳೆಯ ಮಾದರಿ ಹಾಕಿಕೊಟ್ಟಿದೆ. 2009ರಲ್ಲಿ ಪ್ರಕಟವಾದ ಅಲ್ಲಿನ ಇಂಧನ ಉಳಿತಾಯ ಯೋಜನೆ ಬಳಕೆಯನ್ನು ಶೇಕಡಾ 38ರಷ್ಟು ತಗ್ಗಿಸುವ ಗುರಿಯಿಟ್ಟುಕೊಂಡಿತ್ತು. ರೇಡಿಯೇಟರುಗಳನ್ನು ಉಳಿಸಿಕೊಂಡು ಅವುಗಳ ಹಿಂದೆ ಶಾಖ ಪ್ರತಿಫಲಿಸುವ ತಡೆ ಹಾಕಿದರು. 6,514 ಕಿಟಕಿಗಳ ಗಾಜನ್ನು ಕಟ್ಟಡದೊಳಗೇ ಬಿಚ್ಚಿ, ನಡುವೆ ತೆಳು ಪೊರೆ ಸೇರಿಸಿ ಮತ್ತೆ ಜೋಡಿಸಿದರು.

ಬದಲಾವಣೆಯ ಒತ್ತಡ

ನ್ಯೂಯಾರ್ಕ್ ನಗರ 2019ರಲ್ಲಿ ತಂದ 97ನೆಯ ಸ್ಥಳೀಯ ಕಾನೂನು 25,000 ಚದರ ಅಡಿ ಮೀರಿದ ಬಹುತೇಕ ಕಟ್ಟಡಗಳ ಇಂಗಾಲ ಹೊರಸೂಸುವಿಕೆಗೆ 2024ರಿಂದ ಮಿತಿ ಹಾಕಿದೆ. 2030ರಿಂದ ಅದು ಇನ್ನಷ್ಟು ಬಿಗಿಯಾಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2015ರಲ್ಲೇ ತನ್ನ ಆವರಣದ ಉಗಿ ಜಾಲವನ್ನು ಕೈಬಿಟ್ಟು ಬಿಸಿನೀರಿಗೆ ಹೋಯಿತು. ಹಳೆಯ ಕಟ್ಟಡಗಳ ಒಡೆಯರೂ ಅದೇ ಪ್ರಶ್ನೆ ಕೇಳುತ್ತಿದ್ದಾರೆ.

ಒಂದು ಕೊಳವೆಯ ವ್ಯವಸ್ಥೆಯನ್ನು ಬಿಸಿನೀರಿಗೆ ಬದಲಿಸಬೇಕಾದರೆ ಪ್ರತಿ ರೇಡಿಯೇಟರಿಗೂ ಎರಡನೆಯ ಕೊಳವೆ ಎಳೆಯಬೇಕು. ಗೋಡೆ ಒಡೆಯದೆ ಅದು ಆಗದು. ಎರಡು ಕೊಳವೆಯದ್ದರಲ್ಲಿ ಸಾಧ್ಯವಿದೆ, ಆದರೆ ಮೂರು ವಿಷಯ ಮೊದಲೇ ನೋಡಿಕೊಳ್ಳಬೇಕು. ಬಿಲ್ಲೆಗಳು ತಳದಲ್ಲಿ ಮಾತ್ರ ಕೂಡಿರುವ, ಉಗಿಗೆಂದೇ ಎರಕ ಹೊಯ್ದ ರೇಡಿಯೇಟರಿನಲ್ಲಿ ನೀರು ಸುತ್ತುವುದಿಲ್ಲ. ಒಂದೆರಡು ಪಿಎಸ್‌ಐ ಕಂಡು ಬಾಳಿದ ನೂರು ವರ್ಷದ ಕೀಲುಗಳ ಮೇಲೆ ನಾಲ್ಕು ಮಹಡಿಯ ನೀರಿನ ಭಾರ ಬಿದ್ದಾಗ ಅದುವರೆಗೆ ಕಾಣದ ಸೋರಿಕೆಗಳು ಏಳುತ್ತವೆ, ಅದೂ ಚಿತ್ತಾರದ ಚಾವಣಿಯ ಮೇಲೆ. ಬಿಸಿನೀರು ಉಗಿಗಿಂತ ತಣ್ಣಗಿರುವುದರಿಂದ ಅದೇ ರೇಡಿಯೇಟರಿನ ಶಾಖ ಮೂರನೆಯ ಒಂದು ಪಾಲು ಅಥವಾ ಅದಕ್ಕೂ ಹೆಚ್ಚು ಇಳಿಯುತ್ತದೆ. ಈ ಮೂರನೆಯ ಅಡ್ಡಿಗೆ ಮಾತ್ರ ಹಳಬರೇ ದಾರಿ ಬಿಟ್ಟುಹೋಗಿದ್ದಾರೆ: ಕಿಟಕಿ ತೆರೆದಿಡಲೆಂದು ಅವರು ಇಟ್ಟ ಆ ದೊಡ್ಡ ರೇಡಿಯೇಟರುಗಳು, ಕಿಟಕಿಗಳನ್ನು ಬಿಗಿಮಾಡಿದ ಕಟ್ಟಡದಲ್ಲಿ, ಕಡಿಮೆ ಬಿಸಿಯ ನೀರಿನಲ್ಲೂ ಅನೇಕ ಸಲ ಸಾಲುತ್ತವೆ. ಕೋಣೆಕೋಣೆಯ ಶಾಖನಷ್ಟವನ್ನೂ ರೇಡಿಯೇಟರಿನ ಬಿಲ್ಲೆಗಳ ಎಣಿಕೆಯನ್ನೂ ಎದುರುಬದುರು ಇಟ್ಟು ನೋಡಿದರೆ ಯಾವ ಕೋಣೆಯಲ್ಲಿ ಸಾಲುತ್ತದೆ, ಯಾವುದರಲ್ಲಿ ಸಾಲದು ಎಂಬುದು ಒಂದು ಮೊಳೆಯನ್ನೂ ಕೀಳುವ ಮೊದಲೇ ತಿಳಿಯುತ್ತದೆ.